ಮಾಳಮಡ್ಡಿಯ ಹಂಚಿನ ಮನೆ: ಮಹತ್ವ ಬರೆದಿಟ್ಟ ಅನುಭವ

“ಈ ಮನ್ಯಾಗ ಯಾರರ ದೊಡ್ಡ ಮಂದಿ ಇದ್ರೇನ್ರಿ?”

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮುತ್ತಜ್ಜನ ಮನೆಯ ಪಾರಂಪರಿಕ ಮಹತ್ವ ಏನು ಅಂತ ಬರೆದಿಡಲು ಹೊರಟಾಗ ಎಲ್ಲರೂ ಮೊದಲು ಕೇಳಿದ್ದು ಇದನ್ನೇ. ನೆರೆಯವರು ಕೇಳಿದರು. ನೆಂಟರು ಕೇಳಿದರು. ಹಳೇ ಕಾಗದ ಹುಡುಕಿಕೊಟ್ಟ ಗುಮಾಸ್ತರೂ ಕೇಳಿದರು. ನಮ್ಮ ಊರಿನಲ್ಲಿ ಇದು ಸಹಜವಾದ ಪ್ರಶ್ನೆ. ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆ ಇದೆ. ಮಲ್ಲಿಕಾರ್ಜುನ ಮನಸೂರರ ‘ಮೃತ್ಯುಂಜಯ’ ಇವತ್ತು ಸ್ಮಾರಕ. ಗಂಗೂಬಾಯಿ ಹಾನಗಲ್ಲರು ಹುಟ್ಟಿದ ‘ಗಂಗೋತ್ರಿ’ ಶುಕ್ರವಾರಪೇಟೆಯಲ್ಲಿದೆ. ಹೀಗಾಗಿ ಒಂದು ಮನೆ ಉಳಿಯಬೇಕಾದರೆ ಅಲ್ಲಿ ಒಬ್ಬ ಕವಿಯೋ ಗವಾಯಿಯೋ ಬಾಳಿರಬೇಕು ಅನ್ನೋ ಲೆಕ್ಕ ಎಲ್ಲರ ತಲೆಯಲ್ಲಿ ಕೂತುಬಿಟ್ಟಿದೆ. ಅದೂ ಅಲ್ಲದಿದ್ದರೆ ಗುಡಿಯಾಗಿರಬೇಕು. ಲಕ್ಕುಂಡಿ, ಅಣ್ಣಿಗೇರಿಯ ಅಮೃತೇಶ್ವರ, ಉಣಕಲ್ಲಿನ ಚಂದ್ರಮೌಳೇಶ್ವರ ಇರುವ ಸೀಮೆ ನಮ್ಮದು. ಚಾಲುಕ್ಯರ ಕಾಲದ ಕಲ್ಲಿನ ಮುಂದೆ ನೂರು ವರ್ಷದ ಹಂಚಿನ ಮನೆಯನ್ನು ಯಾರು ನೋಡ್ತಾರೆ, ಅಲ್ವಾ?

ನೋಡಬೇಕು ಅಂತ ನಾನು ನಂಬಿದ್ದೇನೆ.

ನಮ್ಮ ಮನೆಯಲ್ಲಿ ಹೆಸರಾದವರು ಯಾರೂ ಇರಲಿಲ್ಲ. ಮುತ್ತಜ್ಜ ಮುಂಬೈ ಸರ್ಕಾರದ ಶಾಲಾ ಖಾತೆಯಲ್ಲಿ ನೌಕರಿ ಮಾಡಿದವರು. ಪೇಟೆಯ ಓಣಿಯಲ್ಲಿದ್ದ ವಾಡೆಯ ಪಾಲು ಬಿಟ್ಟು, ರೈಲ್ವೆ ಸ್ಟೇಷನ್ ಹತ್ತಿರದ ಈ ಬಡಾವಣೆಯಲ್ಲಿ ಜಾಗ ಹಿಡಿದು, 1920ರ ದಶಕದಲ್ಲಿ ಮನೆ ಕಟ್ಟಿಸಿದರು. ಅದಾದಮೇಲೆ ನಾಲ್ಕು ತಲೆಮಾರು ಇಲ್ಲೇ ಬೆಳೆಯಿತು. ಈಗ ಪಾಲುದಾರರು ಪುಣೆ, ಬೆಳಗಾವಿ, ಬೆಂಗಳೂರಲ್ಲಿ ಚದುರಿದ್ದಾರೆ. ವಾಟ್ನಿಯ, ಅಂದರೆ ಆಸ್ತಿ ಪಾಲು ಮಾಡಿಕೊಳ್ಳುವ ಮಾತು ಬಂತು. ಅದರ ಬೆನ್ನಿಗೇ ಒಬ್ಬ ಬಿಲ್ಡರ್ ಬಂದರು. ಮನೆ ಕೆಡವಿ ಫ್ಲಾಟು ಕಟ್ಟಿ ಎಲ್ಲರಿಗೂ ಒಂದೊಂದು ಕೊಡುವ ಮಾತಾಡಿದರು. ಬಹಳ ಜನ ಒಪ್ಪುವ ಹಂತಕ್ಕೂ ಬಂದಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದೂರದಲ್ಲಿದ್ದವರಿಗೆ ಸೋರುವ ಸೂರಿನ ಖರ್ಚು ಕಾಣುತ್ತದೆ, ಮನೆ ಕಾಣುವುದಿಲ್ಲ.

ಆಗ ನಮಗೆ ಪರಿಚಯದ ಒಬ್ಬ ವಾಸ್ತುಶಿಲ್ಪಿ, ಹಳೇ ಕಟ್ಟಡಗಳ ಕೆಲಸ ಮಾಡಿದವರು, ಒಂದು ಸಲಹೆ ಕೊಟ್ಟರು. “ಉಳಿಸೋದು ಕೆಡವೋದು ಆಮ್ಯಾಲ. ಮೊದಲ ಇದು ಏನದ ಅಂತ ಬರೀರಿ. ಬರೆದಿದ್ದನ್ನ ಎಲ್ಲಾರೂ ಓದ್ಲಿ. ಆಮ್ಯಾಲ ಮಾತಾಡ್ರಿ.”

ಹೀಗೆ ಬರೆಯುವುದಕ್ಕೆ ಒಂದು ಕ್ರಮ ಇದೆ. 1979ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬುರ್ರಾ ಅನ್ನೋ ಹಳೇ ಗಣಿ ಊರಿನಲ್ಲಿ ಸಂರಕ್ಷಣೆಯ ಕೆಲಸದವರು ಸೇರಿ ಒಂದು ಸನದು ಮಾಡಿಕೊಂಡರು. ಜಾಗವನ್ನು ಮುಟ್ಟುವ ಮೊದಲು ಅದರ ಮಹತ್ವವನ್ನು ಅರಿಯಬೇಕು, ಆ ಅರಿವೇ ಮುಂದಿನ ಪ್ರತಿ ತೀರ್ಮಾನಕ್ಕೆ ದಾರಿ ತೋರಬೇಕು ಅನ್ನುವುದು ಅದರ ತಿರುಳು. ಅಂದ, ಇತಿಹಾಸ, ಕಟ್ಟಡದಿಂದ ಕಲಿಯಬಹುದಾದ ವಿದ್ಯೆ, ಜನರ ಬಾಳಿನ ಜೊತೆಗಿನ ನಂಟು, ಹೀಗೆ ಬೇರೆ ಬೇರೆ ಕಡೆಯಿಂದ ನೋಡಬೇಕು. ನಮ್ಮ ದೇಶದಲ್ಲಿ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆ 2004ರಲ್ಲಿ ತನ್ನದೇ ಸನದು ತಂದಿತು. ಅದು ಇನ್ನೂ ನಮಗೆ ಹತ್ತಿರದ್ದು. ಯಾಕೆಂದರೆ ಕಾನೂನಿನ ರಕ್ಷಣೆ ಇಲ್ಲದ ಕಟ್ಟಡಗಳಿಗಾಗಿಯೇ ಅದನ್ನು ಬರೆದಿದ್ದಾರೆ. ಹಳೇ ಗೌಂಡಿಗಳ, ಬಡಿಗರ ಕೈಕೆಲಸವೂ ಪರಂಪರೆಯೇ ಅಂತ ಅದು ಹೇಳುತ್ತದೆ.

ಕಾನೂನಿನ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಿಬಿಡುತ್ತೇನೆ. ನೂರು ವರ್ಷ ಆದಕೂಡಲೇ ಮನೆಗೆ ಸರ್ಕಾರದ ಕಾವಲು ಸಿಗುತ್ತೆ, ಇಲ್ಲವೇ ಸರ್ಕಾರವೇ ಕಿತ್ತುಕೊಳ್ಳುತ್ತೆ ಅಂತ ನಮ್ಮ ಮನೆಯಲ್ಲೇ ಕೆಲವರು ನಂಬಿದ್ದರು. ಎರಡೂ ಹಾಗಲ್ಲ. 1958ರ ಕೇಂದ್ರ ಕಾಯ್ದೆಯಲ್ಲಿ ಕನಿಷ್ಠ 100 ವರ್ಷ ಅನ್ನೋ ಮಾತು ಇರುವುದು ನಿಜ. ಆದರೆ ವಯಸ್ಸೊಂದರಿಂದಲೇ ಏನೂ ಆಗುವುದಿಲ್ಲ. ರಾಷ್ಟ್ರೀಯ ಮಹತ್ವದ್ದು ಅಂತ ಘೋಷಣೆ ಆಗಬೇಕು. ಮಾಳಮಡ್ಡಿಯ ಹಂಚಿನ ಮನೆಗಳಿಗೆ ಕಾವಲು ಅಂತಿದ್ದರೆ ಅದು ಮನೆಯವರೇ.

ಮೊದಲು ಕಾಗದ ಹುಡುಕಿದೆವು. ಹಿಂದೆ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಊರುಗಳಲ್ಲಿ ಸಿಟಿ ಸರ್ವೆ ಅನ್ನೋ ಒಂದು ಅನುಕೂಲ ಇದೆ. ಪ್ರತಿ ಜಾಗಕ್ಕೂ ಸಿ.ಟಿ.ಎಸ್. ನಂಬರು, ಅದಕ್ಕೊಂದು ಪ್ರಾಪರ್ಟಿ ಕಾರ್ಡು. ಯಾರ ಹೆಸರಿನಿಂದ ಯಾರ ಹೆಸರಿಗೆ ಜಾಗ ಹೋಯಿತು ಅಂತ ಅದರಲ್ಲಿ ಸಾಲುಸಾಲಾಗಿ ಸಿಗುತ್ತದೆ. ಆದರೆ ಗೋಡೆ ಯಾವಾಗ ಎದ್ದಿತು ಅಂತ ಅದು ಹೇಳುವುದಿಲ್ಲ. ಅದಕ್ಕೆ ಖರೀದಿ ಪತ್ರ, ಪಾಲಿಕೆಯ ಉತಾರ (ದಾಖಲೆಯ ನಕಲು), ಮನೆಯ ಟ್ರಂಕಿನಲ್ಲಿದ್ದ ಕಾಗದ, ಎಲ್ಲ ಒಟ್ಟಿಗೆ ಇಟ್ಟು ನೋಡಬೇಕು.

ಟ್ರಂಕಿನಲ್ಲಿ ಎರಡು ಕಾಗದ ಸಿಕ್ಕವು. ಒಂದು ಪೇಟೆಯ ಹಳೇ ವಾಡೆಯದ್ದು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ. ಓದಬಲ್ಲ ಹಿರಿಯರೊಬ್ಬರು ಓದಿ ಹೇಳಿದರು. ಇನ್ನೊಂದು ಮಾಳಮಡ್ಡಿಯ ಜಾಗದ್ದು. ನಾನು ಎರಡರ ಚಕ್ಕುಬಂದಿಯನ್ನು, ಅಂದರೆ ಜಾಗದ ನಾಲ್ಕು ಕಡೆ ಏನಿದೆ ಅನ್ನೋ ವಿವರವನ್ನು, ಅಕ್ಕಪಕ್ಕ ಬರೆದುಕೊಂಡೆ. ವಾಡೆಗೆ ಮೂರು ಕಡೆ ಇನ್ನೊಬ್ಬರ ಗೋಡೆ, ಒಂದು ಕಡೆ ಓಣಿ. ಮಾಳಮಡ್ಡಿಯ ಜಾಗಕ್ಕೆ ಮುಂದೆ ಅಗಲ ರಸ್ತೆ, ಎಡಬಲಕ್ಕೆ ಖಾಲಿ ಪ್ಲಾಟು, ಹಿಂದೆ ಸಣ್ಣ ಓಣಿ. ಎಂಟು ಸಾಲು ಅಷ್ಟೇ. ನಮ್ಮ ವರದಿಯ ಜೀವ ಅಲ್ಲೇ ಇತ್ತು. ಒಂದೇ ಮನೆತನ, ಒಂದೇ ಊರು. ಮೂರು ಕಡೆ ಗೋಡೆ ಹಂಚಿಕೊಂಡು ಬಾಳುತ್ತಿದ್ದವರು ನಾಲ್ಕೂ ಕಡೆ ಗಾಳಿ ಬೇಕು ಅಂತ ಯಾಕೆ ಹೊರಟರು?

ಉತ್ತರ ಊರಿನ ಚರಿತ್ರೆಯಲ್ಲಿದೆ. 1896ರಲ್ಲಿ ಮುಂಬೈಗೆ ಬಂದ ಪ್ಲೇಗು 1898ರ ಹೊತ್ತಿಗೆ ಧಾರವಾಡ ಜಿಲ್ಲೆಯಲ್ಲಿ ಹರಡಿತ್ತು. ಹುಬ್ಬಳ್ಳಿಯಲ್ಲಿ ಅದರ ಹೊಡೆತ ಭಾರಿ. ವಿಜ್ಞಾನಿ ಹಾಫ್ಕಿನ್ ಕಂಡುಹಿಡಿದ ಪ್ಲೇಗ್ ಲಸಿಕೆಯನ್ನು ಆ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಕಿದರು. ಜನ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ಇಕ್ಕಟ್ಟಾದ ಓಣಿ, ಬೆಳಕಿಲ್ಲದ ನಡುಮನೆ, ಮನೆಯೊಳಗೇ ದನ, ಕಾಳಿನ ಹಗೇವು, ಇವೆಲ್ಲ ಇಲಿ ಮತ್ತು ರೋಗಕ್ಕೆ ದಾರಿ ಅನ್ನೋ ಭಯ ಆಗ ಕೂತಿತು. ಅದೇ 1898ರಲ್ಲಿ ಮುಂಬೈ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತು. 1915ರಲ್ಲಿ ಮುಂಬೈ ಪ್ರಾಂತ್ಯಕ್ಕೆ ನಗರ ಯೋಜನಾ ಕಾಯ್ದೆ ಬಂತು, ದೇಶದಲ್ಲೇ ಮೊದಲನೆಯದು. ಅಗಲ ರಸ್ತೆ, ಬಿಡಿ ಮನೆ, ಸುತ್ತ ಖಾಲಿ ಜಾಗ ಅನ್ನುವುದು ಆ ಕಾಲದ ಆರೋಗ್ಯದ ಮಂತ್ರ. ಮುತ್ತಜ್ಜನ ತಂಗಿಯೊಬ್ಬಳು ಪ್ಲೇಗಿನಲ್ಲಿ ಹೋದಳು ಅಂತ ನಮ್ಮ ಸೋದರತ್ತೆ ಕೇಳಿ ಬಲ್ಲರು. ಕಿಟಕಿ ಎಣಿಸುವಾಗ ನನಗೆ ಅದೇ ನೆನಪಾಗುತ್ತಿತ್ತು. ಮಲಗುವ ಪ್ರತಿ ಕೋಣೆಗೂ ಎದುರುಬದುರು ಕಿಟಕಿ ಇವೆ. ಒಂದೂ ತಪ್ಪಿಲ್ಲ.

ಇನ್ನೊಂದು ಕಾರಣ ರೈಲು. 1882ರಲ್ಲಿ ಶುರುವಾದ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ ಧಾರವಾಡದಲ್ಲೇ ಇತ್ತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ (ಎಂ. ಅಂಡ್ ಎಸ್.ಎಂ.) ರೈಲ್ವೆ ಆಯಿತು. 1917ರಲ್ಲಿ ಕರ್ನಾಟಕ ಕಾಲೇಜು ಬಂತು. ರೈಲ್ವೆಯವರ ಆ ದೊಡ್ಡ ಕಟ್ಟಡ ಮುಂದೆ ಕಾಲೇಜಿನದ್ದಾಯಿತು. ಗುಮಾಸ್ತರು, ಮಾಸ್ತರರು, ವಕೀಲರು, ಪ್ರೊಫೆಸರರು, ಸಂಬಳದ ಮೇಲೆ ಬಾಳುವ ಹೊಸ ಜನ ಊರಲ್ಲಿ ತುಂಬಿದರು. ಹೊಲದ ಕಾಳು ಮನೆಗೆ ಬರುವುದು ಕಡಿಮೆಯಾದವರಿಗೆ ಹಗೇವು ಬೇಡ, ದನ ಕಟ್ಟುವ ದಂದಕ್ಕಿ ಬೇಡ. ಬೇಕಾಗಿದ್ದು ಕೂತು ಬರೆಯಲು, ಬಂದವರ ಜೊತೆ ಮಾತಾಡಲು ಒಂದು ಮುಂದಿನ ಕೋಣೆ. ನಮ್ಮ ಮನೆಯಲ್ಲಿ ಆ ಕೋಣೆಗೆ ಬಂಕದಿಂದಲೇ, ಅಂದರೆ ಮುಂದಿನ ಜಗಲಿಯಿಂದಲೇ, ಬೇರೆ ಬಾಗಿಲು ಇದೆ. ಒಳಗಿನ ಪಡಸಾಲೆ ತುಳಿಯದೇ ಬಂದು ಹೋಗಬಹುದು.

ಇಷ್ಟಾದಮೇಲೆ ಮನೆಯನ್ನೇ ಓದುವ ಕೆಲಸ. ಟೇಪು ಹಿಡಿದು ಒಂದೊಂದೇ ಕೋಣೆ ಅಳೆದೆವು. ಗೋಡೆಯ ದಪ್ಪ, ಬಾಗಿಲಿನ ಎತ್ತರ, ನೆಲ ಯಾವುದು, ಮೇಲೆ ಏನಿದೆ, ಯಾವುದು ಮೊದಲಿನದ್ದು, ಯಾವುದು ಆಮೇಲೆ ಸೇರಿದ್ದು. ಪ್ರತಿ ಕೋಣೆಗೆ ಒಂದು ಹಾಳೆ, ನಾಲ್ಕು ಗೋಡೆಯ ಫೋಟೋ. ಇದು ಬೇಸರ ತರಿಸುವ ಕೆಲಸ ಅಂತ ಕೆಲವರು ಅಂತಾರೆ. ನನಗೆ ಹಾಗನಿಸಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಗೋಡೆಯನ್ನು ಮೊದಲ ಸಲ ಸರಿಯಾಗಿ ನೋಡಿದ ಹಾಗಾಯಿತು.

ಎಲ್ಲಕ್ಕಿಂತ ಜಾಸ್ತಿ ಮಾತಾಡಿದ್ದು ಹಂಚು.

ಧಾರವಾಡ ಮಲೆನಾಡಿನ ಸೆರಗು. ಇಲ್ಲಿಂದ ಪೂರ್ವಕ್ಕೆ ನವಲಗುಂದದ ಕಡೆ ಹೋದರೆ ಹಳೇ ಮನೆಗಳಿಗೆ ಮಣ್ಣಿನ ಮಾಳಿಗೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಅದಕ್ಕೆ ಸಮತಟ್ಟು ಮಾಳಿಗೆ ಸರಿ. ಪಶ್ಚಿಮಕ್ಕೆ ಹಳಿಯಾಳದ ಕಡೆ ಹೋದರೆ ಇಳಿಜಾರು ಸೂರು. ಧಾರವಾಡದಲ್ಲಿ ಎರಡೂ ಕೂಡುತ್ತವೆ. ಪೇಟೆಯ ನಮ್ಮ ವಾಡೆಗೆ ಮಣ್ಣಿನ ಮಾಳಿಗೆ ಇತ್ತಂತೆ. ಮಾಳಮಡ್ಡಿಗೆ ಬಂದಾಗ ಮಂಗಳೂರು ಹಂಚು ಏರಿತು. 1880ರ ದಶಕದ ಕೊನೆಗೆ ಗೋವಾದ ಮಾರ್ಮುಗೋವಾ ಬಂದರಿನಿಂದ ಲೋಂಡಾ ಮೇಲೆ ಧಾರವಾಡಕ್ಕೆ ರೈಲು ದಾರಿ ಕೂಡಿತ್ತು. ಭಾರವಾದ, ಒಡೆಯುವ ಸಾಮಾನನ್ನು ಘಟ್ಟ ಹತ್ತಿಸುವುದು ಆಮೇಲೆ ಸುಲಭವಾಯಿತು.

ಮಂಗಳೂರಿನ ಜೆಪ್ಪುವಿನಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಆ ಹಂಚಿನ ಬೆನ್ನ ಮೇಲೆ ಕಂಪನಿಯ ಮುದ್ರೆ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಆಸ್ತಿಯನ್ನು ವಶಕ್ಕೆ ತೆಗೆದುಕೊಂಡರು. ಯುದ್ಧ ಮುಗಿದಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿಯ ಕೈಗೆ ಹೋದವು. ಮುದ್ರೆಯೂ ಬದಲಾಯಿತು. ಅಂದರೆ ಹಂಚು ಮಗುಚಿದರೆ ಕಾಲದ ಒಂದು ಸುಳಿವು ಸಿಕ್ಕಿತು. ನಮ್ಮ ಸೂರಿನಲ್ಲಿ ಜಾಸ್ತಿ ಇರುವುದು ಕಾಮನ್‌ವೆಲ್ತ್ ಮುದ್ರೆ. ಬಚ್ಚಲು ಮತ್ತು ಹಿಂದಿನ ಕೋಣೆಯ ಮೇಲೆ ಮಾತ್ರ ಬಾಸೆಲ್ ಮಿಷನ್ ಹಂಚು. ಹಿಂಭಾಗವೇ ಮೊದಲು ಎದ್ದಿತು ಅಂತ ನಾನು ಕೂಡಲೇ ಬರೆಯಬಹುದಿತ್ತು. ವಾಸ್ತುಶಿಲ್ಪಿ ತಡೆದರು. ಹಂಚನ್ನು ಒಂದು ಮನೆಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವುದು ನಮ್ಮಲ್ಲಿ ಸಾಮಾನ್ಯ. ಮುದ್ರೆ ಹೇಳುವುದು ಹಂಚಿನ ವಯಸ್ಸು, ಮನೆಯದ್ದಲ್ಲ. ಗೋಡೆಯ ಬುಡ ನೋಡಿದೆವು. ಮುಂದಿನ ಹಿಂದಿನ ಗೋಡೆಗಳ ಕಲ್ಲು ಒಂದರೊಳಗೊಂದು ಹೆಣೆದುಕೊಂಡಿವೆ, ನಡುವೆ ಕೂಡು ಗೆರೆ ಇಲ್ಲ. ಒಂದೇ ಸಲಕ್ಕೆ ಎದ್ದ ಮನೆ. ಹಿಂದಿನ ಭಾಗಕ್ಕೆ ಅಗ್ಗದಲ್ಲಿ ಹಳೇ ಹಂಚು ಹಾಕಿಸಿದ್ದಾರೆ. ಸಂಬಳದ ಮನುಷ್ಯ ದುಡ್ಡು ಉಳಿಸಿದ್ದು ಹಾಗೆ. ಮುಂದೆ, ರಸ್ತೆಗೆ ಕಾಣುವ ಕಡೆ ಹೊಸ ಹಂಚು, ಸೂರಿನ ಅಂಚಿಗೆ ಕೊರೆದ ಕಟ್ಟಿಗೆಯ ಜಾಲರಿ, ಬಾಗಿಲ ನೆತ್ತಿಗೆ ಬಣ್ಣದ ಗಾಜು. ಮುತ್ತಜ್ಜನ ಖರ್ಚಿನ ಮನಸ್ಸು ನನಗೆ ಕಂಡದ್ದು ಅಲ್ಲಿ.

ತೊಲೆ, ಜಂತಿ ಎಲ್ಲ ಸಾಗವಾನಿ. ಹಳಿಯಾಳ, ದಾಂಡೇಲಿಯ ಕಾಡು ಹತ್ತಿರ ಇದ್ದದ್ದರಿಂದ ಧಾರವಾಡದ ಮನೆಗಳಿಗೆ ಇದೊಂದು ಭಾಗ್ಯ. ಮುಂದಿನ ಕೋಣೆಯ ಅಟ್ಟಕ್ಕೆ ಮಾತ್ರ ಕಬ್ಬಿಣದ ತೊಲೆ, ಅದರ ಮೇಲೆ ಇಂಗ್ಲೆಂಡಿನ ಡಾರ್ಮನ್ ಲಾಂಗ್ ಕಂಪನಿಯ ಹೆಸರು. ಹಳೇ ಅಡುಗೆಮನೆಯ ನೆಲಕ್ಕೆ ಶಹಾಬಾದ್ ಫರ್ಸಿ. ಒಂದು ಮಧ್ಯಮ ವರ್ಗದ ಮನೆಗೆ ಮಂಗಳೂರಿನ ಮಣ್ಣು, ದಾಂಡೇಲಿ ಕಡೆಯ ಮರ, ಕಲಬುರಗಿ ಸೀಮೆಯ ಕಲ್ಲು, ಇಂಗ್ಲೆಂಡಿನ ಕಬ್ಬಿಣ. ರೈಲಿಲ್ಲದೇ ಇಂಥ ಮನೆ ಇಲ್ಲ.

ಗೋಡೆ ಸುಣ್ಣದ ಗಚ್ಚಿನದ್ದು. ಕೆಲವು ವರ್ಷ ಹಿಂದೆ ರಿಪೇರಿಗೆ ಬಂದವರೊಬ್ಬರು ಕೆಳಗಿನ ಮೂರು ಅಡಿಗೆ ಸಿಮೆಂಟು ಮೆತ್ತಿ ಹೋಗಿದ್ದರು. ಅಲ್ಲಿಂದ ಗೋಡೆ ಹದಗೆಡುತ್ತಾ ಬಂತು. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ನೆಲದಿಂದ ಏರಿದ ನೀರು ಸಿಮೆಂಟಿನ ಹಿಂದೆ ಸಿಕ್ಕಿಕೊಂಡು ಇನ್ನೂ ಮೇಲಕ್ಕೆ ಹತ್ತುತ್ತದೆ. ಉಪ್ಪು ಹರಳುಗಟ್ಟಿ ಸುಣ್ಣವನ್ನು ಉದುರಿಸುತ್ತದೆ. ‘ಹಳೇ ಮನೆ, ಗೋಡೆ ಸತ್ತದ’ ಅಂತ ನೆಂಟರು ತೋರಿಸುತ್ತಿದ್ದ ಜಾಗಗಳೆಲ್ಲ ಈ ಸಿಮೆಂಟಿನ ಗೆರೆಯ ಮೇಲಿನವೇ. ಹಳೇ ಗೋಡೆಯ ತಪ್ಪು ಅದರಲ್ಲಿ ಇರಲಿಲ್ಲ. ಇದನ್ನು ಫೋಟೋ ಸಮೇತ ವರದಿಯಲ್ಲಿ ಹಾಕಿದೆವು. ವಾಟ್ನಿಯ ಮಾತಿನಲ್ಲಿ ಈ ಒಂದು ಪುಟ ಮಾಡಿದ ಕೆಲಸ ಉಳಿದ ಯಾವ ಪುಟವೂ ಮಾಡಲಿಲ್ಲ.

ಇನ್ನು ಮನೆಯ ಹಿಂಭಾಗ. ಇದನ್ನು ಬರೆಯಬೇಕೋ ಬೇಡವೋ ಅಂತ ಮನೆಯಲ್ಲಿ ಜೋರು ಮಾತಾಯಿತು.

ಚಕ್ಕುಬಂದಿಯಲ್ಲಿದ್ದ ಆ ಸಣ್ಣ ಓಣಿ ಸಂಡಾಸಿನ ಓಣಿ. ಹಿತ್ತಲ ಗೋಡೆಗೆ ಹೊರಗಿನಿಂದ ತೆರೆಯುವ ಗಿಡ್ಡ ಬಾಗಿಲು ಇದೆ. ಈಗ ಇಟ್ಟಿಗೆ ಕಟ್ಟಿ ಮುಚ್ಚಿದೆ. ಮಲ ಹೊರುವವರು ರಸ್ತೆಗೆ ಕಾಣದಂತೆ, ಅಂಗಳ ಮುಟ್ಟದಂತೆ, ಹಿಂದಿನಿಂದಲೇ ಬಂದು ಹೋಗಲಿ ಅಂತ ಬಡಾವಣೆಯ ನಕ್ಷೆಯಲ್ಲೇ ಮಾಡಿದ ವ್ಯವಸ್ಥೆ ಅದು. ಗಾಳಿ ಬೆಳಕಿನ ಆ ಚೆಂದದ ಹೊಸ ಬದುಕು ಈ ಓಣಿಯ ಮೇಲೆ ನಿಂತಿತ್ತು. ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸುವ ಆದೇಶ ಬಂದದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ. ಅಂದರೆ ಈ ಮನೆ ಕಟ್ಟಿ ಅರ್ಧ ಶತಮಾನ ಹೊತ್ತಿಗೆ.

“ಅದನ್ನ್ಯಾಕ ಬರೀಬೇಕೋ? ಮನಿತನದ ಮರ್ಯಾದಿ,” ಅಂದರು ಕಾಕಾ.

ಸೋದರತ್ತೆ ಸುಮ್ಮನಿರಲಿಲ್ಲ. “ಬರೀಲಿ. ಹಿಂದಿನ ಕ್ವಾಣಿದೂ ಬರೀಲಿ.” ಹಿಂದಿನ ಕೋಣೆ ಅಂದರೆ ಬಚ್ಚಲ ಪಕ್ಕದ್ದು. ತಿಂಗಳಿಗೆ ಮೂರು ದಿನ ಹೆಣ್ಣುಮಕ್ಕಳು ಹೊರಗೆ ಕೂಡಬೇಕಾಗಿದ್ದ ಜಾಗ. ಕಿಟಕಿ ಎದುರುಬದುರು ಇರುವುದು ಮಲಗುವ ಕೋಣೆಗಳಿಗೆ ಅಂದೆನಲ್ಲ, ಆ ಕೋಣೆಗೆ ಒಂದೇ ಒಂದು ಬೆಳಕಿಂಡಿ. ಅತ್ತೆ ಅದರ ಹೊಸ್ತಿಲ ಮೇಲೆ ಕೂತು ಎಲ್ಲ ಹೇಳಿದರು. ಎಲ್ಲಿ ತಾಟು ಇಡುತ್ತಿದ್ದರು, ಎಲ್ಲಿ ಚಾಪೆ ಸುತ್ತಿಡುತ್ತಿದ್ದರು, ಮಳೆಗಾಲದಲ್ಲಿ ಹಂಚಿನಿಂದ ತೊಟ್ಟಿಕ್ಕಿದರೆ ಯಾವ ಮೂಲೆಗೆ ಸರಿಯುತ್ತಿದ್ದರು. ಅಗ್ಗದ ಹಂಚು ಯಾವ ಕೋಣೆಯ ಮೇಲೆ ಬಿತ್ತು ಅಂತ ನಾನು ಆಗ ಇನ್ನೊಮ್ಮೆ ಯೋಚಿಸಿದೆ. ಅವರ ಮಾತನ್ನು ಅವರ ಅಪ್ಪಣೆ ಕೇಳಿ ಹಾಗೇ ವರದಿಯಲ್ಲಿ ಇಟ್ಟೆ.

ನನ್ನ ಮಟ್ಟಿಗೆ ಇದೇ ಮುಖ್ಯ. ಮನೆಯೊಂದು ಸಾಕ್ಷಿ ಅಂತ ಒಪ್ಪಿದಮೇಲೆ ಚೆಂದದ ಮುಂಭಾಗದ ಸಾಕ್ಷಿಯನ್ನಷ್ಟೇ ಬರೆದುಕೊಳ್ಳಲು ಬರುವುದಿಲ್ಲ. ಬಣ್ಣದ ಗಾಜು ಎಷ್ಟು ಮುಖ್ಯವೋ ಆ ಮುಚ್ಚಿದ ಗಿಡ್ಡ ಬಾಗಿಲೂ ಅಷ್ಟೇ ಮುಖ್ಯ. ಕಾಕಾ ಕೊನೆಗೆ ಒಪ್ಪಿದರು, ಮನಸ್ಸಿಲ್ಲದ ಮನಸ್ಸಿನಿಂದ.

ಕಾಕಾ ಅವರದ್ದೇ ಇನ್ನೊಂದು ಆಸೆ ಇತ್ತು. ಪಡಸಾಲೆಯಲ್ಲಿ ದೊಡ್ಡ ಗವಾಯಿಯೊಬ್ಬರು ಬೈಠಕ್ ಮಾಡಿದ್ದರು ಅಂತ ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದನ್ನು ಮೊದಲ ಪುಟದಲ್ಲೇ ಹಾಕಿಸಬೇಕು ಅಂತ ಅವರ ಹಟ. ಧಾರವಾಡದಲ್ಲಿ ಹಾಗೆ ಆಗಿರಲು ಸಾಧ್ಯ ಇದೆ. ಮನೆಮನೆಯ ಪಡಸಾಲೆಯೂ ಬೈಠಕ್ಕಿನ ಜಾಗವಾಗಿದ್ದ ಊರು ಇದು. ಆದರೆ ಒಂದು ಪತ್ರ, ಒಂದು ಫೋಟೋ, ಕಣ್ಣಾರೆ ಕಂಡ ಒಬ್ಬರ ಮಾತು, ಯಾವುದೂ ಸಿಗಲಿಲ್ಲ. ಹೆಸರು ಹಾಕಲಿಲ್ಲ. ದೊಡ್ಡವರ ಹೆಸರು ಸುಳ್ಳಾಗಿ ಅಂಟಿಸಿದರೆ ನಿಜವಾಗಿ ಇದ್ದದ್ದರ ಮೇಲೂ ನಂಬಿಕೆ ಹೋಗುತ್ತದೆ.

ನಿಜವಾಗಿ ಇದ್ದದ್ದು ಬೇರೆ ಕಡೆಯಿಂದ ಸಿಕ್ಕಿತು. ನಮ್ಮಲ್ಲಿ ವಾರಾನ್ನದ ಪದ್ಧತಿ ಇತ್ತು. ಹಳ್ಳಿಯಿಂದ ಓದಲು ಬಂದ ಬಡ ಹುಡುಗರು ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆ ಹಿಡಿದು ಉಣ್ಣುತ್ತಿದ್ದರು. 1950ರ ದಶಕದಲ್ಲಿ ಸೋಮವಾರ ನಮ್ಮ ಮನೆಯಲ್ಲಿ ಉಂಡ ಹಿರಿಯರೊಬ್ಬರು ಇನ್ನೂ ಇದ್ದಾರೆ ಅಂತ ಗೊತ್ತಾಯಿತು. ಮೊಮ್ಮಗನ ಕೈ ಹಿಡಿದು ಬಂದರು. ಪಡಸಾಲೆಯ ಗೋಡೆಯಲ್ಲಿರುವ ಒಂದು ಮಾಡವನ್ನು ತಾವೇ ಹೋಗಿ ತೋರಿಸಿದರು. ಅಲ್ಲಿ ಅವರ ತಾಟು, ತಂಬಿಗೆ ಇರುತ್ತಿತ್ತಂತೆ. ಓದಲು ದೀಪವನ್ನೂ ಅದರ ಪಕ್ಕ ಇಡುತ್ತಿದ್ದರಂತೆ. ಮಾಡದ ಮೇಲಿನ ಸುಣ್ಣ ಇಂದಿಗೂ ಕಪ್ಪಗಿದೆ. ಜೊತೆಗೆ ಅವರು ಇನ್ನೊಂದು ಮಾತು ಹೇಳಿದರು. ಉಣ್ಣಲು ಎಲ್ಲ ಜಾತಿಯ ಹುಡುಗರಿಗೂ ಇಲ್ಲಿ ಜಾಗ ಇರಲಿಲ್ಲ. ಅದನ್ನೂ ಬರೆದುಕೊಂಡೆ.

ಹೋಲಿಕೆಯ ಕೆಲಸ ಬೇಗ ಮುಗಿಯಿತು. ಮಾಳಮಡ್ಡಿ, ಸಪ್ತಾಪುರ, ನಾರಾಯಣಪುರದ ಓಣಿಗಳಲ್ಲಿ ಅಡ್ಡಾಡಿ ಇದೇ ಕಾಲದ ಮನೆಗಳನ್ನು ನೋಡಿದೆವು. ಚೆಂದದಲ್ಲಿ ನಮ್ಮದನ್ನು ಮೀರಿಸಿದವು ಇವೆ. ಆದರೆ ಬಂಕ, ಮುಂದಿನ ಕೋಣೆ, ಪಡಸಾಲೆ, ಬಾವಿ, ಹಿಂದಿನ ಕೋಣೆ, ಓಣಿಯ ಬಾಗಿಲು, ಇಷ್ಟೂ ಒಟ್ಟಿಗೆ ಉಳಿದ ಮನೆ ನಮಗೆ ಇನ್ನೊಂದು ಸಿಗಲಿಲ್ಲ. 1920ರ ದಶಕದ ಬಾಳು ಹೇಗಿತ್ತು ಅಂತ ಮುಂದಿನಿಂದ ಹಿಂದಿನವರೆಗೆ ನಡೆದುಕೊಂಡು ಹೋಗಿ ತಿಳಿಯಬಹುದು. ಮಹತ್ವದ ಹೇಳಿಕೆಯ ಮೊದಲ ಸಾಲಿನಲ್ಲಿ ಇದನ್ನೇ ಬರೆದೆವು.

ಆಮೇಲೆ ಪ್ರತಿ ಭಾಗಕ್ಕೂ ಒಂದು ದರ್ಜೆ ಕೊಟ್ಟೆವು. ಬಹಳ ಮುಖ್ಯ, ಮುಖ್ಯ, ಸಾಧಾರಣ, ಮನೆಗೆ ಹಾನಿ ಮಾಡುವುದು. ಬಂಕ, ಸೂರು, ಮುಂದಿನ ಕೋಣೆ, ಓಣಿಯ ಗೋಡೆ ಮೊದಲನೆಯದರಲ್ಲಿ. 1980ರ ದಶಕದಲ್ಲಿ ಸೇರಿಸಿದ ಸ್ಲ್ಯಾಬಿನ ಅಡುಗೆಮನೆ ಸಾಧಾರಣ. ಸಿಮೆಂಟಿನ ಗಿಲಾವು ಹಾನಿ ಮಾಡುವುದು. ಬದಲಾವಣೆಗೆ ಎಲ್ಲಿ ಜಾಗ ಇದೆ ಅಂತ ಸ್ಪಷ್ಟವಾದದ್ದು ಇದರಿಂದ. ಪುಣೆಯ ಅಣ್ಣ ಅಲ್ಲಿಯವರೆಗೆ ಫ್ಲಾಟಿನ ಕಡೆಗಿದ್ದರು. ಅವರ ಚಿಂತೆ ಒಂದೇ. ಹೆರಿಟೇಜ್ ಅಂದರೆ ಒಂದು ನಳ ಬದಲಿಸಲೂ ಆಗುವುದಿಲ್ಲ ಅಂತ. ಅಡುಗೆಮನೆ, ಸ್ನಾನದ ಮನೆ ಹೊಸದಾಗಿ ಮಾಡಿಕೊಳ್ಳಬಹುದು, ಬಾವಿಯ ಆಚೆ ಖಾಲಿ ಜಾಗದಲ್ಲಿ ಕಟ್ಟಲೂಬಹುದು ಅಂತ ಓದಿದಮೇಲೆ ಅವರ ಮಾತು ಬದಲಾಯಿತು. ಗೋಡೆ ಸತ್ತಿಲ್ಲ ಅನ್ನೋ ಪುಟ ಉಳಿದವರಲ್ಲಿ ಬಹಳ ಜನರನ್ನು ಈ ಕಡೆ ತಂದಿತು.

ಎಲ್ಲರೂ ಒಪ್ಪಲಿಲ್ಲ. ಒಬ್ಬ ತಂಗಿಗೆ ದುಡ್ಡಿನ ತುರ್ತು ಇತ್ತು, ಅದು ನ್ಯಾಯವೇ. ಬಾವಿಯ ಆಚೆಯ ಜಾಗವನ್ನು ಅವಳ ಪಾಲಿಗೆ ಬಿಟ್ಟೆವು. ಅಲ್ಲಿ ಅವಳು ಮಾರಬಹುದು, ಕಟ್ಟಿದರೆ ಸೂರಿಗಿಂತ ಎತ್ತರ ಹೋಗಬಾರದು, ಓಣಿಯ ಗೋಡೆ ಕೆಡವಬಾರದು ಅಂತ ಮಾತಾಯಿತು. ಮುಂದಿನ ಮನೆ ಇಬ್ಬರ ಹೆಸರಿಗೆ. ನಮ್ಮ ವರದಿಯನ್ನು ವಾಟ್ನಿ ಪತ್ರದ ಜೊತೆ ಸೇರಿಸಿ ನೋಂದಣಿ ಮಾಡಿಸಿದೆವು. ಇನ್ನೊಂದು ಪ್ರತಿಯನ್ನು ಪಾಲಿಕೆಗೆ ಕೊಟ್ಟೆವು. ಮುಂದೆ ಯಾವತ್ತಾದರೂ ಈ ಬಡಾವಣೆಯ ಪಾರಂಪರಿಕ ಪಟ್ಟಿ ಆದರೆ ಕೆಲಸಕ್ಕೆ ಬರಲಿ.

ಈಗ ರಿಪೇರಿ ನಡೆದಿದೆ. ಸಿಮೆಂಟು ಕೆತ್ತಿ ತೆಗೆದು ಗೋಡೆಯನ್ನು ಒಣಗಲು ಬಿಟ್ಟಿದ್ದೇವೆ. ಗಚ್ಚಿನ ಕೆಲಸ ಬಲ್ಲ ಹಿರಿಯ ಗೌಂಡಿಯೊಬ್ಬರು ಸಿಕ್ಕಿದ್ದಾರೆ. ತಮ್ಮ ಮೊಮ್ಮಗನನ್ನೂ ಕರೆತಂದು ಸುಣ್ಣ ಕೊಳೆಹಾಕುವುದನ್ನು ಕಲಿಸುತ್ತಿದ್ದಾರೆ. ಒಡೆದ ಹಂಚಿಗೆ ಬದಲಿ ಹಂಚನ್ನು ಕೆಡವಿದ ಮನೆಗಳಿಂದ ತರುತ್ತಿದ್ದೇವೆ. ಪ್ರತಿಯೊಂದರ ಮುದ್ರೆ, ಎಲ್ಲಿಂದ ಬಂತು, ಎಲ್ಲಿ ಏರಿತು ಅಂತ ಬರೆದಿಡುತ್ತಿದ್ದೇವೆ. ಮುಂದೆ ಯಾರಾದರೂ ಈ ಸೂರನ್ನು ಓದಲು ಹತ್ತಿದರೆ ದಾರಿ ತಪ್ಪಬಾರದು.

ಎದುರು ಮನೆಯವರು ಇದನ್ನೆಲ್ಲ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಮೊನ್ನೆ ತಮ್ಮ ಮನೆಯದ್ದೂ ಬರೆಯೋಣ ಅಂದರು. ಅವರ ಬಂಕದ ಮೇಲೆ ಬಾಸೆಲ್ ಮಿಷನ್ ಹಂಚು ಇದೆ. ಮಳೆಗಾಲಕ್ಕೆ ಮೊದಲೇ ಅಳತೆ ಮುಗಿಸಬೇಕು. ಅವರ ಟ್ರಂಕಿನ ಕಾಗದ ಈ ವಾರ ತೆಗೆಯುತ್ತೇವೆ.